ಭಾವನ ಪ್ರಜ್ಞೆಗೆ ಎರಡು ಸಹಿ

ನನ್ನದು ಹಾಸಿಗೆ ಅಂಗಡಿ. ಯಾವುದರ ಬೆಲೆ ಕೇಳಿದರೂ ನನ್ನ ತಲೆಯೊಳಗೆ ಅದು ಹಾಸಿಗೆಯ ಲೆಕ್ಕಕ್ಕೆ ತಿರುಗಿಕೊಳ್ಳುತ್ತದೆ. ಆದ್ದರಿಂದ ಈ ಲೆಕ್ಕವನ್ನೂ ಹಾಸಿಗೆಯಲ್ಲೇ ಒಪ್ಪಿಸುತ್ತೇನೆ.

ನಮ್ಮ ಭಾವ ಸಂಪಾದಕರಾಗಿದ್ದ ಸಂಶೋಧನಾ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಗಬೇಕಾದರೆ ಬರೆದವನು ಹನ್ನೊಂದು ಡಬಲ್ ಹಾಸಿಗೆಯಷ್ಟು ದುಡ್ಡು ಕಟ್ಟಬೇಕು. ಅದೇ ಲೇಖನ ಓದಬೇಕಾದರೆ ಓದುವವನು ಅರ್ಧ ಹಾಸಿಗೆ ಕಟ್ಟಬೇಕು. ಬರೆದವನು ಕಟ್ಟಿದರೆ ಓದುವವನಿಗೆ ಬಿಟ್ಟಿ ಎಂದು ಮೊದಲು ಹೇಳಿದ್ದರಂತೆ; ಆಮೇಲೆ ಎರಡು ಕಡೆಯಿಂದಲೂ ವಸೂಲಿ ಶುರುವಾಯಿತು. ಬರೆದದ್ದು ಸರಿಯೋ ತಪ್ಪೋ ಎಂದು ಪರಿಶೀಲಿಸುವ ಪಂಡಿತನಿಗೆ ದಿಂಬಿನ ಗಲೀಪೂ ಸಿಗುವುದಿಲ್ಲ. ಕಾಮಾ, ಚುಕ್ಕಿ, ಹೆಸರು, ಇಸವಿ ಎಲ್ಲ ತಿದ್ದಿ ಲೇಖನವನ್ನು ಮನುಷ್ಯರು ಓದುವ ಹಾಗೆ ಮಾಡುತ್ತಿದ್ದ ನಮ್ಮಕ್ಕನಿಗೆ ಗಲೀಪಿನ ದಾರವೂ ಇಲ್ಲ. ದುಡ್ಡೆಲ್ಲ ಹೋಗುವುದು ಯಾರೂ ಕಣ್ಣಾರೆ ಕಾಣದ ಒಂದು ಪ್ರಕಾಶನ ಕಂಪನಿಗೆ. ಹತ್ತಿ ಬೆಳೆದವನು ಹತ್ತಿಯ ಜೊತೆಗೆ ದುಡ್ಡನ್ನೂ ತಂದುಕೊಟ್ಟು, ಹೊಲಿಯುವವನು ಪುಕ್ಕಟೆ ಹೊಲಿದು, ಮಲಗುವವನೂ ದುಡ್ಡು ಕೊಡುವ ಹಾಗಿದ್ದರೆ ನಾನು ಇಷ್ಟು ಹೊತ್ತಿಗೆ ಎಲ್ಲಿರುತ್ತಿದ್ದೆನೋ. ನನಗೆ ಆ ಬುದ್ಧಿ ಹೊಳೆಯಲಿಲ್ಲ.

ಇನ್ನು ಆಸ್ಪತ್ರೆಯ ಮಂಚ ದಿನಕ್ಕೆ ಒಂದೂವರೆ ಹಾಸಿಗೆ. ಒಂದು ಸಹಿಗೆ ತಗಲುವ ಶಾಯಿಗೆ ಬೆಲೆಯೇ ಇಲ್ಲ. ನಮಗೆ ಸಿಗದೆ ಹೋದದ್ದು ಆ ಶಾಯಿ.

ಭಾವನ ವಿದ್ಯೆ ಪ್ರಜ್ಞೆಯದು. ಮನುಷ್ಯನಿಗೆ ಎಚ್ಚರ, ಅರಿವು ಅನ್ನುವುದು ಎಲ್ಲಿಂದ ಬರುತ್ತದೆ, ತಲೆಯ ಯಾವ ಮೂಲೆಯಲ್ಲಿ ಕೂತಿರುತ್ತದೆ ಎಂದು ಹುಡುಕುವ ಕೆಲಸ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಎಂದು ನಾನು ಒಮ್ಮೆ ಅಂದಿದ್ದಕ್ಕೆ ಭಾವ ಬೇಜಾರು ಮಾಡಿಕೊಳ್ಳದೆ, ಆ ಗಾದೆಯ ಕರ್ತೃ ಯಾರು, ಯಾವ ವರ್ಷದ್ದು ಎಂದು ವಿಚಾರಿಸಿದ್ದರು. ಅವರದೇ ಒಂದು ಸಿದ್ಧಾಂತವಿತ್ತು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮನುಷ್ಯ ತನಗೆ ಏನಾಗುತ್ತಿದೆ ಎಂದು ಹೇಳಬಲ್ಲನಾದರೆ ಮಾತ್ರ ಅದರ ಪ್ರಜ್ಞೆ ಅವನಿಗಿದೆ. ಬಾಯಲ್ಲೋ ಸನ್ನೆಯಲ್ಲೋ ಹೇಳಲಾಗದ್ದು ಪ್ರಜ್ಞೆಯೇ ಅಲ್ಲ. ಇದಕ್ಕೆ ಹೇಳಿಕೆ ಸಿದ್ಧಾಂತ ಎಂದು ಹೆಸರು. ನಮ್ಮಕ್ಕ ಹೇಳದೆ ನುಂಗಿಕೊಂಡದ್ದೆಲ್ಲ ಆ ಲೆಕ್ಕದಲ್ಲಿ ಇರಲೇ ಇಲ್ಲ ಅನ್ನಿ.

ಈ ಸಿದ್ಧಾಂತಕ್ಕೆ ಒಬ್ಬ ಭಕ್ತ, ಒಬ್ಬ ಶತ್ರು. ಭಕ್ತ ಭಾವನ ಶಿಷ್ಯ, ಪತ್ರಿಕೆಯ ಉಪಸಂಪಾದಕ. ಯಾವಾಗಲೂ ಭಾವನ ಕಾಲ ಬುಡದಲ್ಲೇ ಇರುತ್ತಾನೆ, ಸಣ್ಣ ಅಕ್ಷರದಲ್ಲಿ ಮಾತಾಡುತ್ತಾನೆ ಎಂದು ಅಕ್ಕ ಅವನಿಗೆ ‘ಅಡಿಟಿಪ್ಪಣಿ’ ಎಂದು ಹೆಸರಿಟ್ಟಿದ್ದಳು. ಶತ್ರು ಅಂದರೆ ಇನ್ನೊಂದು ಸಂಸ್ಥೆಯ ದೊಡ್ಡ ಪ್ರೊಫೆಸರು. ಪ್ರಜ್ಞೆ ಇರುವುದು ಮಿದುಳಿನ ಹಿಂಭಾಗದಲ್ಲಿ, ಅದಕ್ಕೆ ಹೇಳಿಕೆ ಗೀಳಿಕೆ ಏನೂ ಬೇಕಿಲ್ಲ ಎಂದು ಅವರ ವಾದ. ನಮ್ಮ ಮನೆಯಲ್ಲಿ ಅವರು ಹಿಂದಲೆ ಮೇಷ್ಟ್ರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ ಇಬ್ಬರೂ ಇಪ್ಪತ್ತೆರಡು ವರ್ಷ ಎಳೆದಾಡಿದ್ದರು. ಹಬೆಯಾಡುವ ಚಹಾ ಎದುರಿಗಿಟ್ಟುಕೊಂಡು, ಅದು ಬಿಸಿಯಿದೆ ಎಂದು ತಿಳಿಯುವುದು ಮುಂದಿನಿಂದಲೋ ಹಿಂದಿನಿಂದಲೋ ಎಂದು ವಾದಿಸಿ ತಣ್ಣಗಾದದ್ದನ್ನು ಕುಡಿದು ಹೋಗುತ್ತಿದ್ದರು.

ಭಾವನ ಮನೆಯ ಮೇಲಿನ ಕೋಣೆಯೇ ಪತ್ರಿಕೆಯ ಕಚೇರಿ. ಮೂರು ಗೋಡೆಗೆ ಪುಸ್ತಕ, ನಾಲ್ಕನೆಯದರಲ್ಲಿ ಕಿಟಕಿ, ಕಿಟಕಿಗೂ ಅರ್ಧದವರೆಗೆ ಪುಸ್ತಕ. ಅಕ್ಕನ ಮೇಜು ಕೆಳಗೆ ಮೆಟ್ಟಿಲ ಸಂದಿಯಲ್ಲಿ, ಬಟ್ಟೆ ಒಗೆಯುವ ಮೆಷಿನ್ ಪಕ್ಕ. ಮೇಲಿನಿಂದ ಪ್ರಜ್ಞೆ ಇಳಿದು ಬರುತ್ತಿತ್ತು, ಅಕ್ಕ ಅದರ ಕಾಮಾ ಸರಿಮಾಡಿ ಮೇಲೆ ಕಳಿಸುತ್ತಿದ್ದಳು.

ಭಾವ ಬಿದ್ದದ್ದು ಅವರ ವಾರ್ಷಿಕ ಸಮ್ಮೇಳನದಲ್ಲಿ. ಸಭೆ ತುಂಬ ಪ್ರಜ್ಞೆಯ ಪಂಡಿತರು. ಭಾವ ಮೈಕಿನ ಮುಂದೆ ನಿಂತು ‘ಪ್ರಜ್ಞೆ ಎಂದರೆ’ ಎಂದು ಶುರುಮಾಡಿ ನಿಂತುಬಿಟ್ಟರು. ಆ ವಾಕ್ಯವನ್ನು ಇದುವರೆಗೆ ಯಾರೂ ಮುಗಿಸಿಲ್ಲವಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಮೇಜಿಗೆ ಒರಗಿಕೊಂಡು ಮೆಲ್ಲಗೆ ಜಾರಿದಾಗಲೂ, ಏನೋ ತೋರಿಸಿಕೊಡುತ್ತಿದ್ದಾರೆ ಎಂದು ಕೆಲವರು ಬರೆದುಕೊಂಡರಂತೆ. ಮೂರನೇ ಸಾಲಿನ ಒಬ್ಬರು ಕೈಯೆತ್ತಿ, ತಮ್ಮದು ಪ್ರಶ್ನೆಯಲ್ಲ, ಒಂದು ಅಭಿಪ್ರಾಯ ಎಂದು ಶುರುಮಾಡಿದ್ದರು. ಅಷ್ಟರಲ್ಲಿ ಅಕ್ಕ ಹಿಂದಿನಿಂದ ಕುರ್ಚಿಗಳನ್ನು ತಳ್ಳಿಕೊಂಡು ಓಡಿಬಂದಳು.

ಮಿದುಳಿನಲ್ಲಿ ರಕ್ತ ಕಟ್ಟಿತ್ತು. ಪ್ರಾಣ ಉಳಿಯಿತು. ಕೆಲವು ದಿನ ಕಳೆದ ಮೇಲೆ ಕಣ್ಣು ಬಿಟ್ಟರು, ಆದರೆ ಆ ಕಣ್ಣಲ್ಲಿ ಯಾರಿದ್ದಾರೆ ಎಂದು ಗೊತ್ತಾಗುತ್ತಿರಲಿಲ್ಲ. ಕರೆದರೆ ತಿರುಗುವುದಿಲ್ಲ, ಕೈ ಹಿಡಿದರೆ ಒತ್ತುವುದಿಲ್ಲ. ರೆಪ್ಪೆ ಬಡಿಯುತ್ತಿತ್ತು, ಆದರೆ ಕೇಳಿದಾಗ ಬಡಿಯುತ್ತಿರಲಿಲ್ಲ.

ವಾರ್ಡಿನ ಡಾಕ್ಟರಮ್ಮ ಒಳ್ಳೆಯವರು. ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಇಂಥವರನ್ನು ಮತ್ತೆ ಎಬ್ಬಿಸಲು, ಕೈಕಾಲು ಸೆಟೆದುಹೋಗದಂತೆ ಪಳಗಿಸಲು ಒಂದು ಚೇತರಿಕೆ ಕೇಂದ್ರವಿದೆ. ಈಗಲೇ ಹೋದರೆ ಫಲ, ತಡವಾದರೆ ಬಲಗೈ ಹಾಗೇ ಮಡಚಿಕೊಂಡುಬಿಡುತ್ತದೆ. ಅಲ್ಲಿ ಒಂದೇ ಒಂದು ಮಂಚ ಖಾಲಿಯಿದೆ. ತಿಂಗಳ ಕೊನೆಯವರೆಗೆ ಕಾಯ್ದಿಡುತ್ತಾರೆ. ಆದರೆ ಒಳಗೆ ಸ್ವಲ್ಪವಾದರೂ ಪ್ರಜ್ಞೆ ಉಳಿದಿರುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ, ಅದಕ್ಕೆ ಆ ವಿಷಯದ ಮಾನ್ಯತೆ ಪಡೆದ ಇಬ್ಬರು ತಜ್ಞರ ಸಹಿ ಬೇಕು.

ತಜ್ಞರೆಂದರೆ ಯಾರು ಎಂದು ಅಕ್ಕ ಕೇಳಿದಳು. ಡಾಕ್ಟರಮ್ಮ ಪಟ್ಟಿ ತೆಗೆದು ನೋಡಿ ನಕ್ಕುಬಿಟ್ಟರು. ನಿಮ್ಮಷ್ಟು ಅದೃಷ್ಟವಂತರು ಯಾರಿದ್ದಾರೆ ಎಂದರು. ಆಯಾ ಊರಿನ ರೋಗಿಗೆ ಆಯಾ ಊರಿನ ತಜ್ಞರೇ ಸಹಿ ಹಾಕಬೇಕು, ನಮ್ಮ ಊರಿಗೆ ಮೂವರು ಮಾತ್ರ ಮಾನ್ಯತೆ ಇದ್ದವರು, ಮೂವರೂ ಮೊದಲು ಡಾಕ್ಟರಿಕೆ ಓದಿ ಆಮೇಲೆ ರೋಗಿಗಳನ್ನು ಬಿಟ್ಟು ಪ್ರಜ್ಞೆ ಹಿಡಿದವರು. ಒಬ್ಬರು ಹಿಂದಲೆ ಮೇಷ್ಟ್ರು, ಒಬ್ಬ ಅಡಿಟಿಪ್ಪಣಿ. ಮೂರನೆಯವರು ಮಂಚದ ಮೇಲಿದ್ದರು.

ಮೆಟ್ಟಿಲಿಳಿಯುವಾಗ ಅಕ್ಕನ ಮುಖದಲ್ಲಿ, ಭಾವ ಬಿದ್ದ ದಿನದಿಂದ ಕಾಣದ ಬೆಳಕಿತ್ತು. ‘ಒಬ್ಬ ಮನೆಮಗನ ಥರ, ಇನ್ನೊಬ್ಬರು ಮನೆಯಲ್ಲೇ ಚಹಾ ಕುಡಿದು ಜಗಳ ಆಡಿದವರು. ನಾಳೆ ಸಂಜೆಗೆ ಎರಡೂ ಸಹಿ ಆಗತ್ತೆ ಕಣೋ’ ಅಂದಳು. ನನಗೂ ಹಾಗೇ ಅನಿಸಿತ್ತು. ಆದರೆ ಒಂದು ಮಾತು ಹೇಳಬೇಕು. ಭಾವ ಒಳಗಿದ್ದಾರೆ ಎಂದು ನನಗೆ ನಂಬಿಕೆ ಇರಲಿಲ್ಲ. ದಿನಾ ಅಂಗಡಿಯಲ್ಲಿ ಬೊಂಬೆ ಮಲಗಿಸಿ ಹಾಸಿಗೆ ತೋರಿಸುವವನು ನಾನು. ಮಂಚದ ಮೇಲಿದ್ದದ್ದು ನನಗೆ ಅದೇ ಥರ ಕಂಡಿತ್ತು. ಒಂದು ದಿನ ಅವರ ತಲೆದೆಸೆಯಲ್ಲೇ ನಿಂತು, ಮೇಲಿನ ಕೋಣೆಯ ಪುಸ್ತಕಗಳನ್ನು ತೂಕಕ್ಕೆ ಹಾಕಿದರೆ ಆಸ್ಪತ್ರೆಯ ವಾರದ ಖರ್ಚಾದರೂ ಹುಟ್ಟುತ್ತದೆ ಎಂದು ಅಕ್ಕನಿಗೆ ಹೇಳಿದ್ದೆ. ಅವಳು ನನ್ನ ಮುಖ ನೋಡಿದ ರೀತಿಗೆ ಕ್ಯಾಂಟೀನಿಗೆ ಹೋಗಿ ಕೂತೆ.

ಅವಳು ಮಾತ್ರ ಭಾವನ ಹತ್ತಿರ ಮಾತಾಡುತ್ತಲೇ ಇದ್ದಳು. ಮೊದಮೊದಲು ಮನೆಯ ಸುದ್ದಿ, ನಲ್ಲಿ ಸೋರುವುದು, ಪಕ್ಕದ ಮನೆಯವರ ಹೊಸ ಕಾಂಪೌಂಡು. ಆಮೇಲೆ ಹಳೆಯದಕ್ಕೆ ಇಳಿದಳು. ಮದುವೆಯಾದ ವರ್ಷದಿಂದ ಹಿಡಿದು ಒಂದೊಂದನ್ನೇ. ನಮ್ಮಮ್ಮ ತೀರಿಕೊಂಡ ದಿನ ಭಾವ ಎಲ್ಲಿದ್ದರು ಅನ್ನುವುದನ್ನೂ. ಭಾವ ಆ ದಿನ ದುಃಖದ ಪ್ರಜ್ಞೆ ಎಂಬ ವಿಷಯದ ಮೇಲೆ ಬೇರೆ ಊರಲ್ಲಿ ಭಾಷಣ ಮಾಡುತ್ತಿದ್ದರು. ಇದನ್ನು ಅಕ್ಕ ಅದುವರೆಗೆ ಯಾರ ಹತ್ತಿರವೂ ಆಡಿದ್ದಿಲ್ಲ. ಸಾಕು ಮಾಡೇ, ಸುಸ್ತಾಗತ್ತೆ ಅಂದೆ. ‘ಸುಮ್ನಿರೋ,’ ಅಂದಳು, ‘ಇಷ್ಟು ವರ್ಷಕ್ಕೆ ಮೊದಲ ಸಲ ಮಧ್ಯೆ ಬಾಯಿ ಹಾಕದೆ ಕೇಳ್ತಿದ್ದಾರೆ.’

ನಕ್ಕುಕೊಂಡೇ ಹೇಳಿದಳು. ಆದರೆ ಕೇಳುತ್ತಿದ್ದಾರೆ ಅನ್ನುವುದು ನಿಜವಾಗಬೇಕು ಎಂದು ಅವಳು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು ಎಂದು, ಭಾವನ ಕೈ ಹಿಡಿದಿದ್ದ ಅವಳ ಕೈ ನೋಡಿದರೆ ಗೊತ್ತಾಗುತ್ತಿತ್ತು.

ಮೊದಲು ಬಂದದ್ದು ಶತ್ರು. ಹಿಂದಲೆ ಮೇಷ್ಟ್ರು ಈಜುವವರ ಟೋಪಿಯಂಥದ್ದೊಂದನ್ನು ಭಾವನ ತಲೆಗೆ ತೊಡಿಸಿ, ಅದರ ತುಂಬ ತಂತಿ ಚುಚ್ಚಿ, ತೆರೆಯ ಮೇಲೆ ಗೆರೆಗಳು ಕುಣಿಯುವುದನ್ನು ಒಂದು ಬೆಳಗ್ಗೆಯೆಲ್ಲ ನೋಡಿದರು. ಅಕ್ಕ ಮಾತಾಡಿದಾಗ ಗೆರೆ ಎದ್ದವು. ಅವರಿಗೆ ಆದ ಸಂತೋಷ ಸ್ವಂತ ಅಣ್ಣನಿಗೂ ಆಗುತ್ತಿರಲಿಲ್ಲ. ಹಿಂಭಾಗ ಪೂರ್ತಿ ಜೀವಂತ, ಬಾಯಿಂದ ಒಂದು ಹೇಳಿಕೆಯೂ ಇಲ್ಲ. ತಮ್ಮ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ‘ಇವರಿಗೆ ಪ್ರಜ್ಞೆ ಇದೆಯಮ್ಮ. ಇವರ ಸಿದ್ಧಾಂತಕ್ಕೆ ಮಾತ್ರ ಇಲ್ಲ’ ಎಂದು ಸರಕ್ಕನೆ ಸಹಿ ಹಾಕಿಕೊಟ್ಟರು. ಹೋಗುವ ಮುಂಚೆ ಈ ಪ್ರಕರಣವನ್ನು ಲೇಖನ ಮಾಡಲು ಒಪ್ಪಿಗೆ ಕೇಳಿದರು. ಹೂವಿನ ಜೊತೆ ನಾರು ಎಂದುಕೊಂಡು ಅಕ್ಕ ಒಪ್ಪಿದಳು. ಆ ಸಹಿಗೆ ಅವಳು ಮನೆಯನ್ನೂ ಬರೆದುಕೊಡುತ್ತಿದ್ದಳು.

ಉಳಿದದ್ದು ಮನೆಮಗ. ಅಡಿಟಿಪ್ಪಣಿ ದಿನಾ ಬರುತ್ತಿದ್ದ. ಭಾವನ ಕೈ ಹಿಡಿದುಕೊಂಡು ಕಣ್ಣೀರು ಹಾಕುತ್ತಿದ್ದ, ಪತ್ರಿಕೆಯ ಹೊಸ ಸಂಚಿಕೆ ತಂದು ದಿಂಬಿನ ಪಕ್ಕ ಇಡುತ್ತಿದ್ದ. ಭಾವನ ಗಡ್ಡ ಹೆರೆಯುವ ಕೆಲಸ ಕೂಡ ಅವನೇ ಮಾಡುತ್ತಿದ್ದ, ಎಷ್ಟು ಜೋಪಾನವೆಂದರೆ ನರ್ಸುಗಳೇ ನಿಂತು ನೋಡುತ್ತಿದ್ದರು. ಸಹಿಯ ಕಾಗದ ಮುಂದೆ ಹಿಡಿದಾಗ ಮಾತ್ರ ಅವನ ಕೈ ಜೇಬಿನೊಳಗೆ ಹೋಯಿತು.

ಮೇಡಂ, ಆಗಲ್ಲ ಎಂದ. ಯಾಕಪ್ಪಾ ಎಂದಳು ಅಕ್ಕ. ಅವನು ತುಂಬ ಹೊತ್ತು ವಿವರಿಸಿದ. ಇಪ್ಪತ್ತೆರಡು ವರ್ಷ ಸರ್ ಹೇಳಿಕೊಂಡು ಬಂದದ್ದು, ಹೇಳಿಕೆ ಇಲ್ಲದಲ್ಲಿ ಪ್ರಜ್ಞೆ ಇಲ್ಲ ಎಂದು. ಸರ್ ಈಗ ಏನೂ ಹೇಳುತ್ತಿಲ್ಲ. ಆದ್ದರಿಂದ ಸರ್ ಸಿದ್ಧಾಂತದ ಪ್ರಕಾರ ಸರ್‌ಗೆ ಪ್ರಜ್ಞೆ ಇಲ್ಲ. ಇದೆ ಎಂದು ಅವರ ಶಿಷ್ಯನೇ ಸಹಿ ಹಾಕಿದರೆ, ಅವರ ಜೀವಮಾನದ ಕೆಲಸವನ್ನು ಶಿಷ್ಯನೇ ಸುಳ್ಳು ಮಾಡಿದಂತೆ. ಅದೂ ಹಿಂದಲೆಯವರ ಸಹಿಯ ಪಕ್ಕದಲ್ಲಿ.

‘ಸಹಿ ಹಾಕದಿದ್ರೆ ನಿಮ್ಮ ಸರ್ ಕೈ ಹೋಗತ್ತೆ’ ಅಂದಳು ಅಕ್ಕ.

‘ಸರ್ ಮಾತಾಡೋ ಹಾಗಿದ್ದಿದ್ರೆ, ಹಾಕಬೇಡ ಅಂತಲೇ ಅಂತಿದ್ರು ಮೇಡಂ.’

‘ಮಾತಾಡೋ ಹಾಗಿದ್ದಿದ್ರೆ ನಿನ್ನ ಸಹಿ ಯಾಕಪ್ಪಾ ಬೇಕಿತ್ತು?’

ಅವನು ಭಾವನ ಹೊದಿಕೆ ಸರಿಮಾಡಿದ. ಆದರೆ ಅವನು ಅಂದದ್ದರಲ್ಲಿ ನಿಜವಿತ್ತು, ಅದು ಅಕ್ಕನಿಗೂ ಗೊತ್ತಿತ್ತು. ಅದಕ್ಕೇ ಅವಳಿಗೆ ಅಷ್ಟು ಸಿಟ್ಟು ಬಂದದ್ದು. ಪ್ರೀತಿ ಇದ್ದವನು ಸತ್ತ ಎಂದು ಬರೆಯುತ್ತಾನೆ, ದ್ವೇಷ ಇದ್ದವರು ಬದುಕಿದ್ದಾನೆ ಎಂದು ಬರೆಯುತ್ತಾರೆ. ಇಂಥ ವಿದ್ಯೆ ಕಲಿಯದೆ ಇದ್ದದ್ದಕ್ಕೆ ನಾನು ಆ ದಿನ ನನ್ನ ಮೇಷ್ಟ್ರುಗಳನ್ನೆಲ್ಲ ನೆನೆದೆ.

ನನಗೆ ಗೊತ್ತಿರುವುದು ವ್ಯಾಪಾರದ ದಾರಿ. ಅಡಿಟಿಪ್ಪಣಿಯ ಮನೆಗೆ ಹೋದೆ. ಎರಡು ಕೋಣೆ, ಎರಡು ಮಕ್ಕಳು, ನೆಲದ ಮೇಲೆ ಹಾಸಿದ್ದು ಸವೆದು ಹಪ್ಪಳವಾಗಿದ್ದ ಹಾಸಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ, ಆ ಮನೆಯಲ್ಲಿ ಮಡಚಿಕೊಂಡೇ ಮಲಗಬೇಕಿತ್ತು. ಅವನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲವಂತೆ, ವರ್ಷ ವರ್ಷ ಮುಂದುವರಿಸುತ್ತಿದ್ದರಂತೆ. ಮಕ್ಕಳಿಗೆ ಒಂದು ಒಳ್ಳೆಯ ಸ್ಪ್ರಿಂಗ್ ಹಾಸಿಗೆ ಕಳಿಸುತ್ತೇನೆ, ನಮ್ಮ ಕಡೆಯಿಂದ ಪ್ರೀತಿಗೆ ಅಂದೆ. ಅವನು ನೊಂದುಕೊಂಡ. ತೆಗೆದುಕೊಂಡರೆ ಅದನ್ನು ವರದಿಯ ಕೊನೆಯಲ್ಲಿ ಘೋಷಿಸಬೇಕಾಗುತ್ತದೆ ಎಂದ. ಯಾವ ಕಂಪನಿಯ ಹಾಸಿಗೆ, ಎಷ್ಟು ಇಂಚು ದಪ್ಪ ಎಂಬುದನ್ನೂ ನಮೂದಿಸಬೇಕಂತೆ.

ಕೊನೆಗೆ ಅವನೇ ಒಂದು ದಾರಿ ಕಂಡುಹಿಡಿದ. ಹಿಡಿದದ್ದು ದಾರಿಯಲ್ಲ, ಚಟ. ಅವರ ವಲಯದಲ್ಲಿ ಯಾವ ಮಾತೂ ಪರಿಶೀಲನೆಯಾಗದೆ ಮಾತಾಗುವುದಿಲ್ಲ. ಯಾರಾದರೂ ಏನಾದರೂ ಬರೆದರೆ ಹೆಸರು ಮುಚ್ಚಿ ಇಬ್ಬರು ಗುಟ್ಟಿನ ಪಂಡಿತರಿಗೆ ಕಳಿಸುತ್ತಾರೆ, ಅವರು ಒಪ್ಪಿದರೆ ಅದು ಸತ್ಯ. ಹಾಗೇ ಭಾವನ ಪ್ರಜ್ಞೆಯನ್ನೂ ಒಂದು ಲೇಖನವೆಂದು ಭಾವಿಸಿ ಪರಿಶೀಲನೆಗೆ ಕಳಿಸುತ್ತೇನೆ ಎಂದ. ಇಬ್ಬರು ಒಪ್ಪಿಬಿಟ್ಟರೆ ಸಹಿ ಅವನದಲ್ಲ, ವಿಜ್ಞಾನದ್ದು, ಸರ್‌ಗೆ ದ್ರೋಹವಾಗುವುದಿಲ್ಲ. ಈ ಯೋಚನೆ ಹೊಳೆದಾಗ ಅವನ ಮುಖ ಅರಳಿತು. ಬೇಡ ಅನ್ನಲು ಅಕ್ಕನಿಗೆ ಬೇರೆ ದಾರಿಯಿರಲಿಲ್ಲ, ಸಹಿ ಮಾಡಬಲ್ಲ ಮೂರನೆಯ ಮನುಷ್ಯ ರೆಪ್ಪೆ ಬಡಿಯುತ್ತ ಮಲಗಿದ್ದ. ಬೇಗ ಮಾಡಪ್ಪಾ ಅಂದಳು. ಎಷ್ಟು ಬೇಗವಾದರೂ ಆರು ತಿಂಗಳಾಗುವ ಕೆಲಸವನ್ನು ಅವನು ಹಗಲಿರುಳು ಬೆನ್ನುಹತ್ತಿ ಎರಡು ವಾರಕ್ಕೆ ತಂದ. ಅಷ್ಟು ಕಷ್ಟಪಟ್ಟದ್ದನ್ನು ನಾನು ಅಲ್ಲಗಳೆಯುವುದಿಲ್ಲ.

ಎರಡು ವರದಿಗಳು ಬಂದವು. ಅಕ್ಕ ಅವನ್ನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ನನಗೆ ಓದಿ ಹೇಳಿದಳು.

ಮೊದಲನೆಯ ಪಂಡಿತರಿಗೆ ವಿಷಯ ಬಹಳ ಸ್ವಾರಸ್ಯಕರ ಅನಿಸಿತ್ತು. ಆದರೆ ಒಬ್ಬನೇ ರೋಗಿ ಸಾಲದು, ಇದೇ ವಯಸ್ಸಿನ, ಇದೇ ಥರ ಬಿದ್ದ ನಲವತ್ತು ಮಂದಿಯನ್ನು ಸೇರಿಸಿ ಮತ್ತೆ ಕಳಿಸಬೇಕು. ರೋಗಿಯ ಹೆಂಡತಿ ಸದಾ ಪಕ್ಕದಲ್ಲಿರುವುದರಿಂದ ಫಲಿತಾಂಶಕ್ಕೆ ಧಕ್ಕೆ ಬಂದಿದೆ, ಸಾಧ್ಯವಾದರೆ ಆಕೆಯನ್ನು ತೆಗೆಯಬೇಕು. ಪ್ರಜ್ಞೆ ಇದೆ ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟು ಎಣ್ಣೆಯ ಖರ್ಚು ನಮಗೆ ಬಿಟ್ಟಿದ್ದರು.

ಎರಡನೆಯವರು ಕಡ್ಡಿ ಮುರಿದಂತೆ ಬರೆದಿದ್ದರು. ಈಗಿನ ರೂಪದಲ್ಲಿ ಸ್ವೀಕರಿಸಲಾಗದು. ಲೇಖಕರು ಈ ಕ್ಷೇತ್ರದ ಅತ್ಯಂತ ಮುಖ್ಯವಾದ ಹನ್ನೆರಡು ಲೇಖನಗಳನ್ನು ಉಲ್ಲೇಖಿಸಿಲ್ಲ. ಕೆಳಗೆ ಪಟ್ಟಿ ಕೊಟ್ಟಿದ್ದರು. ಹನ್ನೆರಡೂ ಹಿಂದಲೆ ಮೇಷ್ಟ್ರದ್ದು.

ಗುಟ್ಟಿನ ಪಂಡಿತ ಯಾರೆಂದು ಆ ವಲಯದಲ್ಲಿ ಎಲ್ಲರಿಗೂ ಗೊತ್ತಿರುತ್ತದಂತೆ. ಗೊತ್ತಿಲ್ಲದ ಹಾಗೆ ಇರುವುದು ಶಿಷ್ಟಾಚಾರ. ನಮ್ಮಕ್ಕ ಶಿಷ್ಟಾಚಾರ ಪಕ್ಕಕ್ಕಿಟ್ಟು ಫೋನು ಮಾಡಿದಳು. ಪ್ರಜ್ಞೆ ಇದೆ ಅಂತ ನೀವೇ ಸಹಿ ಹಾಕಿದ್ರಿ, ಈಗ ನೀವೇ ಬೇಡ ಅಂದಿದ್ದೀರಿ ಎಂದಳು. ಅದು ನಾನೇ ಅನ್ನುವುದು ನಿಮಗೆ ಗೊತ್ತಿರಕೂಡದಮ್ಮ ಎಂದರು ಅವರು. ಆಮೇಲೆ ಮೆತ್ತಗಾದರು. ಅವರ ಲೇಖನ ಇನ್ನೂ ಅಚ್ಚಿಗೆ ಹೋಗಿಲ್ಲ. ಅದಕ್ಕೂ ಮುಂಚೆ ಇನ್ನೊಬ್ಬರ ಹೆಸರಲ್ಲಿ ಇದೇ ವಿಷಯ ಹೊರಬಿದ್ದರೆ ಮೊದಲು ಕಂಡವನು ಯಾರು ಅನ್ನುವ ಪ್ರಶ್ನೆ ಏಳುತ್ತದೆ. ತಿಂಗಳು ಕಳೆಯಲಿ, ಒಪ್ಪಿಗೆ ತಾನಾಗಿ ಬರುತ್ತದೆ.

‘ತಿಂಗಳು ಕಳೆದ್ರೆ ಮಂಚ ಹೋಗತ್ತೆ’ ಅಂದಳು ಅಕ್ಕ.

‘ಯಾವ ಮಂಚ?’ ಎಂದರು ಅವರು. ನಿಜಕ್ಕೂ ಮರೆತಿದ್ದರು. ತಮ್ಮ ಸಹಿ ಯಾಕೆ ಬೇಕಿತ್ತು ಅನ್ನುವುದೇ ಅವರ ತಲೆಯಿಂದ, ಹಿಂದಿನಿಂದಲೋ ಮುಂದಿನಿಂದಲೋ, ಜಾರಿಹೋಗಿತ್ತು.

ಮರುದಿನವೇ ಹೇಗಾದರೂ ಮಾಡಿ ಒಪ್ಪಿಗೆ ಕಳಿಸುತ್ತೇನೆ ಎಂದು ಮಾತು ಕೊಟ್ಟರು, ಕಳಿಸಿದರು ಕೂಡ. ಆದರೆ ಇಬ್ಬರಲ್ಲಿ ಒಬ್ಬರು ಒಪ್ಪಿ ಒಬ್ಬರು ನಲವತ್ತು ಮಂದಿಯನ್ನು ಕೇಳಿದರೆ ಮೂರನೆಯ ಪಂಡಿತರಿಗೆ ಕಳಿಸುವುದು ಪದ್ಧತಿ. ಅಡಿಟಿಪ್ಪಣಿ ಪದ್ಧತಿ ಬಿಡಲಿಲ್ಲ. ಮೂರನೆಯವರು ರಜೆಯಲ್ಲಿದ್ದರು. ಅಕ್ಕ ಅವನ ಕಾಲು ಹಿಡಿಯುವುದೊಂದು ಬಾಕಿಯಿತ್ತು. ಕಾಗದ ಅವನ ಕೈಯಲ್ಲಿ, ಪೆನ್ನು ಅವನ ಜೇಬಿನಲ್ಲಿ, ಕೂತಿದ್ದದ್ದು ಭಾವನ ಮಂಚದ ತುದಿಯಲ್ಲಿ. ಅವನು ಅತ್ತ. ಸಹಿ ಹಾಕಲಿಲ್ಲ.

ತಿಂಗಳ ಕೊನೆಗೆ ಆ ಮಂಚ ಬೇರೆ ಊರಿನ ಒಬ್ಬ ಬಸ್ಸಿನ ಚಾಲಕನಿಗೆ ಹೋಯಿತು. ಅವನ ಊರಿನ ಆಸ್ಪತ್ರೆಯ ಇಬ್ಬರು ತಜ್ಞರು ಬಂದು, ನೋಡಿ, ಒಂದೇ ಮಧ್ಯಾಹ್ನದಲ್ಲಿ ಬರೆದುಕೊಟ್ಟು ಹೋಗಿದ್ದರಂತೆ. ಅವನಿಗಾದರೂ ಒಳ್ಳೆಯದಾಗಲಿ ಎಂದಳು ಅಕ್ಕ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ, ಮೂರನೆಯ ಪಂಡಿತರ ಒಪ್ಪಿಗೆ ನಾವು ಭಾವನನ್ನು ಮನೆಗೆ ಕರೆತಂದು ಎಷ್ಟೋ ದಿನದ ಮೇಲೆ ಬಂತು. ಸಣ್ಣ ತಿದ್ದುಪಡಿಗಳೊಂದಿಗೆ ಸ್ವೀಕೃತ ಎಂದಿತ್ತು.

ಮೆಟ್ಟಿಲು ಹತ್ತಿಸಲಾಗದ್ದರಿಂದ ಭಾವನನ್ನು ಕೆಳಗಿನ ನಡುಮನೆಯಲ್ಲೇ ಮಲಗಿಸಿದೆವು. ಬೆನ್ನು ಹುಣ್ಣಾಗದಂಥ ಗಾಳಿಹಾಸಿಗೆ ನನ್ನ ಅಂಗಡಿಯಿಂದ ತಂದುಹಾಕಿದೆ. ಅಕ್ಕ ತನ್ನ ಮೇಜನ್ನು ಮೆಟ್ಟಿಲ ಸಂದಿಯಿಂದ ಅವರ ಮಂಚದ ಪಕ್ಕಕ್ಕೆ ಎಳೆದುಕೊಂಡಳು. ಕೈಕಾಲು ನೀವುವುದನ್ನು ಯಾರಿಂದಲೋ ಕಲಿತು ಬಂದು ಹೊತ್ತುಹೊತ್ತಿಗೆ ಮಾಡುತ್ತಿದ್ದಳು. ಮೊದಲು ಎಡಗೈಯ ಒಂದು ಬೆರಳು ಅಲುಗಿತು. ಆಮೇಲೆ ಕಣ್ಣು ಅವಳು ಹೋದ ಕಡೆ ಹೋಗತೊಡಗಿತು. ಬಲಗೈ ಎದೆಯ ಮೇಲೆ ಮಡಚಿಕೊಂಡದ್ದು ಹಾಗೇ ಗಟ್ಟಿಯಾಯಿತು.

ಮಾತು ಬಂದ ದಿನ ನಾನು ಅಲ್ಲಿದ್ದೆ. ದಿಂಬಿನ ಗಲೀಪು ಬದಲಿಸುತ್ತಿದ್ದೆ. ಭಾವನ ತುಟಿ ಒಂದು ಕಡೆಗೆ ಎಳೆದುಕೊಂಡು ಗೊರಗೊರ ಶಬ್ದ ಬಂತು. ಬಾಗಿ ಕಿವಿಕೊಟ್ಟೆ.

‘ಪುಸ್ತಕ’ ಅಂದರು. ಇನ್ನಷ್ಟು ಹೊತ್ತು ಒದ್ದಾಡಿ, ‘ತೂಕಕ್ಕೆ... ಹಾಕಿದ್ಯಾ?’

ನನ್ನ ಕೈಯಿಂದ ದಿಂಬು ಬಿತ್ತು. ಇಲ್ಲ ಭಾವ, ಒಂದೂ ಹಾಕಿಲ್ಲ, ಎಲ್ಲ ಮೇಲೇ ಇವೆ ಎಂದು ತೊದಲಿದೆ. ಅವರು ಅರ್ಧ ಮುಖದಲ್ಲಿ ನಕ್ಕರು. ನನಗೆ ನಾಚಿಕೆಯಾಯಿತು, ಆ ನಾಚಿಕೆಗಿಂತ ಹತ್ತು ಪಟ್ಟು ಖುಷಿಯಾಯಿತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದಳು. ಹಾಗಾದ್ರೆ ಕೇಳಿಸ್ತಿತ್ತು ಎಂದಳು. ಪ್ರಶ್ನೆಯಲ್ಲ. ಭಾವ ಕಣ್ಣು ಅವಳ ಕಡೆ ತಿರುಗಿಸಿ, ಒಂದೊಂದು ಪದಕ್ಕೂ ದಮ್ಮು ಕಟ್ಟಿ ಹೇಳಿದರು: ‘ನಿಮ್ಮಮ್ಮ ಹೋದ ದಿನ... ನಾನು ಬರಬೇಕಿತ್ತು.’

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಮಂಚದ ಮೇಲೆ ಕೂತಳು. ನಾನು ಗಲೀಪು ಹಿಡಿದುಕೊಂಡು ಹೊರಗೆ ಹೋದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟರಲ್ಲಿ ಹಿಂದಲೆ ಮೇಷ್ಟ್ರ ಲೇಖನ ಅದೇ ಕಂಪನಿಯ ಇನ್ನೊಂದು ಪತ್ರಿಕೆಯಲ್ಲಿ ಹೊರಬಿದ್ದಿತ್ತು. ಹೇಳಿಕೆ ಸಿದ್ಧಾಂತದ ಕರ್ತೃವಿನ ಮಿದುಳೇ ಹೇಳಿಕೆ ಸಿದ್ಧಾಂತವನ್ನು ಅಲ್ಲಗಳೆಯುತ್ತದೆ ಎಂದು ಅದರ ಸಾರ. ಹೆಸರು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಅಡಿಟಿಪ್ಪಣಿ ಓಡಿಬಂದ. ಅವನ ನೌಕರಿ ಖಾಯಂ ಮಾಡುವ ಸಮಿತಿ ಕೂರುವುದಿತ್ತು, ಅವನು ಬರೆದದ್ದೆಲ್ಲ ಸರ್ ಸಿದ್ಧಾಂತದ ಮೇಲೇ ನಿಂತಿತ್ತು. ಸರ್ ಈಗ ಮಾತಾಡಬಲ್ಲರಾದ್ದರಿಂದ ಸರ್ ಒಂದು ಉತ್ತರ ಬರೆಯಬೇಕು.

ಭಾವ ಎರಡು ದಿನ ಯೋಚಿಸಿದರು. ಮೂರನೆಯ ಬೆಳಗ್ಗೆ ಅಕ್ಕನನ್ನು ಕರೆದು, ಬರಕೋ ಎಂದರು. ಬಲಗೈ ಇಲ್ಲದ ಮೇಲೆ ಬರೆಯುವ ಕೈ ಅವಳದೇ. ಪದ ನಿಧಾನವಾಗಿ ಬರುತ್ತಿತ್ತು, ಅವಳು ಕಂಪ್ಯೂಟರಿನಲ್ಲಿ ಒತ್ತುತ್ತಿದ್ದಳು. ಪೀಠಿಕೆ ಮುಗಿಯಿತು. ಆಮೇಲೆ ಭಾವ ಹೇಳಿದರು: ಪ್ರಸ್ತುತ ಲೇಖಕನೇ ಆ ರೋಗಿಯಾಗಿದ್ದು, ಆ ಅವಧಿಯಲ್ಲಿ ತನಗೆ ಯಾವ ಅನುಭವವೂ ಆಗಲಿಲ್ಲವೆಂದು, ಯಾವ ಮಾತೂ ಕೇಳಿಸಲಿಲ್ಲವೆಂದು ಖಚಿತವಾಗಿ ದಾಖಲಿಸುತ್ತಾನೆ.

ಅಕ್ಕನ ಬೆರಳು ನಿಂತಿತು.

‘ಏನೂ ಕೇಳಿಸ್ಲಿಲ್ವಾ?’

‘ನಿನಗೆ ಹೇಳಿದ್ದು ನಿಜ,’ ಅಂದರು ಭಾವ. ‘ಇದು ಪತ್ರಿಕೆಗೆ.’

‘ಪುಸ್ತಕ ತೂಕಕ್ಕೆ ಹಾಕೋ ಮಾತು ಕೇಳಿಸ್ತು. ನಮ್ಮಮ್ಮಂದು ಕೇಳಿಸ್ತು. ಬರೀರಿ ಅದನ್ನೇ.’

ಭಾವ ಹೇಳಿದ್ದನ್ನು ಆಮೇಲೆ ಅಕ್ಕ ನನಗೆ ತಿಳಿಸಿದಳು. ಇದು ತನ್ನೊಬ್ಬನ ಮಾತಲ್ಲ. ಹುಡುಗನಿಗೆ ಎರಡು ಮಕ್ಕಳು. ಅವನಂಥ ಹತ್ತು ಹುಡುಗರು ಈ ಸಿದ್ಧಾಂತ ನಂಬಿಕೊಂಡು ಊರೂರಲ್ಲಿ ನೌಕರಿ ಮಾಡುತ್ತಿದ್ದಾರೆ. ತಾನು ಒಂದು ಸಾಲು ಬರೆದರೆ ಅಷ್ಟೂ ಮನೆಯ ಅನ್ನ ಹೋಗುತ್ತದೆ. ಅದೂ ಸುಳ್ಳಲ್ಲ. ಒಳ್ಳೆಯ ಕಾರಣಗಳಿಗೆ ಆ ಮನೆಯಲ್ಲಿ ಎಂದೂ ಬರವಿರಲಿಲ್ಲ.

‘ಹಾಗಿದ್ರೆ ಆ ಹುಡುಗನೇ ಬರಕೊಳ್ಳಲಿ,’ ಅಂದಳು ಅಕ್ಕ. ‘ನಾನು ಇಪ್ಪತ್ತೆರಡು ವರ್ಷ ನಿಮ್ಮ ತಪ್ಪು ತಿದ್ದಿದ್ದೀನಿ. ಇದು ತಪ್ಪಲ್ಲ, ಗೊತ್ತಿದ್ದು ಹೇಳೋದು. ಇದನ್ನ ತಿದ್ದೋಕೆ ನನಗೆ ಬರಲ್ಲ.’ ಕಂಪ್ಯೂಟರು ಮುಚ್ಚಿ, ಹೊತ್ತಾಯಿತೆಂದು ಭಾವನ ಬಲಗೈ ನೀವಲು ಕೂತಳು.

ಅಡಿಟಿಪ್ಪಣಿಯೇ ಬರೆದುಕೊಂಡ. ಸಂಪಾದಕರ ಸ್ವಂತ ಲೇಖನವಾದ್ದರಿಂದ ಯಾವ ಗುಟ್ಟಿನ ಪಂಡಿತರಿಗೂ ಕಳಿಸಲಿಲ್ಲ, ಮುಂದಿನ ಸಂಚಿಕೆಯಲ್ಲೇ ಬಂತು. ಅರ್ಧ ಹಾಸಿಗೆ ಕೊಟ್ಟು ನಾನೂ ಓದಿದೆ. ಅರ್ಥವಾದದ್ದು ಕೊನೆಯ ಸಾಲು ಮಾತ್ರ. ತನಗೆ ಅರಿವೇ ಇಲ್ಲದ ದಿನಗಳಲ್ಲಿ ತನ್ನನ್ನು ನೋಡಿಕೊಂಡ ಪತ್ನಿಗೆ ಲೇಖಕ ಕೃತಜ್ಞ ಎಂದಿತ್ತು. ಪತ್ನಿ ಎಂಬಲ್ಲಿ ಒಂದಕ್ಷರ ತಪ್ಪು ಬಿದ್ದಿತ್ತು. ತಿದ್ದುವವರು ಇರಲಿಲ್ಲ.

ಅಡಿಟಿಪ್ಪಣಿಯ ನೌಕರಿ ಖಾಯಂ ಆಯಿತು, ನನ್ನ ಅಂಗಡಿಯಲ್ಲೇ ಪೂರ್ತಿ ದುಡ್ಡು ಕೊಟ್ಟು ಮಕ್ಕಳಿಗೆ ಹಾಸಿಗೆ ಕೊಂಡ. ಹಿಂದಲೆ ಮೇಷ್ಟ್ರಿಗೆ ಒಂದು ಪ್ರಶಸ್ತಿ ಬಂತು. ಎರಡು ಲೇಖನಕ್ಕೆ ಇಪ್ಪತ್ತೆರಡು ಹಾಸಿಗೆ ಕಂಪನಿಗೆ ಹೋಯಿತು, ನನ್ನ ಅರ್ಧವನ್ನು ಬಿಟ್ಟು. ಸಿದ್ಧಾಂತ ಉಳಿಯಿತು. ಭಾವನ ಬಲಗೈ ಹೋಯಿತು. ಅಕ್ಕ ಹೇಳಿದ್ದು ಅವರಿಗೆ ಕೇಳಿಸಿತ್ತು, ಅದು ಅವಳಿಗೆ ಸಿಕ್ಕಿತು. ಪತ್ರಿಕೆಯ ಕರಡು ಅವಳು ಆಮೇಲೆ ಮುಟ್ಟಲಿಲ್ಲ.